ಎಡಮೂಲೆ

ಶಹಾಬಾದ ಕಾಲೇಜಿನ ರೇಡರಗಳೊಳಗ
ಒಂದನೇ ನಂಬರ ಯಾರದು ಅಂತ
ಸುಸಲಾ ಮುಗೀತು, ಚಹಾ ಮುಗೀತು, ವಾದ ಮುಗೀಲಿಲ್ಲ.

ಖಾಜಾಮೈನ ಅಂದ್ರು ಹಳಬರು:
ಬೋನಸ್ ಗೆರಿ ಮ್ಯಾಲ
ಹಲ್ಲಿ ಬಾಲ ಬಿಟ್ಟಂಗ ಕಾಲು ಬಿಟ್ಟು ಬರ್ತಿದ್ದ.
ಥಾವರು, ಥಾವರು ಅಂದ್ರು ತಾಂಡಾದ ಹುಡುಗ್ರು:
ವಾಡಿಯವರು ಐದು ಮಂದಿ ಬೆನ್ನ ಮ್ಯಾಲ,
ನಡುಗೆರಿ ಮುಟ್ಟಿದ್ದು ಒಂದು ಉಗುರು.
ಪುಸ್ತಕದಾಗ ಹೆಚ್ಚು ಪಾಯಿಂಟ ಮಾಳಿಂಗಂದು;
ಪುಸ್ತಕ ಬರೀತಿದ್ದಾಂವ ಅವನ ಕಾಕಾ.

ನನ್ನ ಯಾರೂ ಕೇಳಲಿಲ್ಲ.
ಗಂಟಿ ಹೊಡಿಯಾಂವ, ಸುಣ್ಣದ ಗೆರಿ ಎಳಿಯಾಂವ.
ಪ್ರಾಕ್ಟೀಸಿಗೆ ಒಬ್ಬ ಕಡಿಮಿ ಬಿದ್ದಾಗೆಲ್ಲ
ಎಡಮೂಲ್ಯಾಗ ನಿಂತು
ಇಪ್ಪತ್ತಾರು ವರ್ಷ ಇವರ ಕಾಲು ಹಿಡದಾಂವ.

ಖಾಜಾನ ಹಿಮ್ಮಡ
ನನ್ನ ಮುಂದಿನ ಹಲ್ಲು ಇದ್ದ ಜಾಗದಾಗ ಅದ.
ಥಾವರು ಬಲಭುಜದಾಗ; ಥಂಡಿಗೆ ಏಳ್ತಾನ.
ಮಾಳಿಂಗ ಎಲ್ಲೂ ಇಲ್ಲ.

ಇನ್ನೊಬ್ಬ ಇದ್ದ, ಪೀರಪ್ಪ.
ಒಂದು ಮ್ಯಾಚೂ ಆಡದೆ ಪರಸಿ ಖಣಿಗೆ ಹ್ವಾದ.
ಒಂದಿನ ಸಂಜಿ ನನ್ನ ಹಿಡ್ತ ಹರಕೊಂಡು
ನಡುಗೆರಿಗೆ ಎರಡ ಹೆಜ್ಜಿ ಇದ್ದಾಗ ತಿರುಗಿದ,
ಕಬಡ್ಡಿ ಕಬಡ್ಡಿ ನಿಲ್ಲಿಸಿ ಕೇಳಿದ:
‘ಮಾಮಾ, ಬಡೀತೇನು?’

ಉಸಿರು ಬಿಟ್ಟಿದ್ದ.
ಔಟ್ ಅಂತ ಕೂಗಿದಾಂವ ನಾನ.