ತಿಂಗಳ ಇಪ್ಪತ್ತೇಳು

ಪೋರ್ಚುಗಲ್ಲಿನ ಬೇಜಾದಲ್ಲಿ ಡಿಯೊಲಿಂಡಾ
ಬಿಸ್ಕತ್ತಿನ ಡಬ್ಬಿ ಅಲುಗಿಸಿ ನೋಡಿದಳು:
ಸದ್ದು ಮಾಡಿದ್ದು ಎರಡೇ ಯುರೋ,
ಅದರಲ್ಲೊಂದು ಬಸ್ಸಿನದು.

ಮೂರು ದಿನದ ಬ್ರೆಡ್ಡು, ಕಲ್ಲು.
ಒರಳಲ್ಲಿ ಬೆಳ್ಳುಳ್ಳಿ, ಉಪ್ಪು,
ಕೊತ್ತಂಬರಿ ಕಡ್ಡಿ ಸಮೇತ,
ಕಡ್ಡಿಗೂ ದುಡ್ಡು ಕೊಟ್ಟಿದೆಯಲ್ಲ.
ಎಣ್ಣೆ, ಹೆಬ್ಬೆರಳು ಅಡ್ಡ ಹಿಡಿದು ಹನಿಸಿದಷ್ಟು.
ಮೇಲೆ ಕುದಿನೀರು. ನೀರಿಗೇನು ಬಡತನ?

ಮೊಟ್ಟೆ ಮಾತ್ರ ಒಂದೇ.
ಮಕ್ಕಳು ಮೂವರು, ಕಣ್ಣು ಆರು.
ಹಿರಿಯ ಎವಾರಿಸ್ಟೊ ಆಗಲೇ ಹೇಳಿಬಿಟ್ಟ:
"ನಂಗೆ ಮೊಟ್ಟೆ ಸೇರಲ್ಲ."
ಹೋದ ತಿಂಗಳು ಮೀನು ಸೇರುತ್ತಿರಲಿಲ್ಲ ಅವನಿಗೆ.

ಅವಳು ಮಾತಾಡಲಿಲ್ಲ.
ಕುದಿವ ನೀರಿಗೇ ಮೊಟ್ಟೆ ಒಡೆದು
ಮುಳ್ಳುಚಮಚದಲ್ಲಿ ಗರಗರ ಕಡೆದಳು,
ಎಳೆ ಎಳೆಯಾಗಿ,
ಯಾರ ಪಾಲು ಎಷ್ಟೆಂದು
ಲೆಕ್ಕದ ಮೇಷ್ಟರಿಗೂ ಸಿಗದ ಹಾಗೆ.

ಮೊಟ್ಟೆ ಸೇರದವನು
ಎರಡು ಸಲ ಬಡಿಸಿಕೊಂಡ.