ನೆಲ ಸಮತಟ್ಟಾಗಿದೆ ಎಂದು ಭಾವಿಸಿ

ಹತ್ತನೇ ತರಗತಿ, ಬಿ ಸೆಕ್ಷನ್ನು, ಮೂರನೇ ಪೀರಿಯಡ್ಡು.
ಕರೆಂಟು ಹೋಗಿ ಫ್ಯಾನು ನಿಂತಿತ್ತು,
ಬೋರ್ಡಿನ ಮೇಲೆ ಸಮರೂಪ ತ್ರಿಭುಜಗಳು
ನನ್ನ ಜೊತೆಗೇ ಬೆವರುತ್ತಿದ್ದವು.
ನಡೀರಿ ಹೊರಗೆ, ಅಂದೆ.
ಮೂವತ್ತೊಂದು ಜೊತೆ ಚಪ್ಪಲಿ
ಬಾಗಿಲಲ್ಲಿ ಎಡಬಲ ಅದಲುಬದಲಾಗಿ
ಓಡಿದವು, ಕಣಕಟ್ಟೆ ಏರಿಯ ಕೆಳಗಿನ
ತೆಂಗಿನ ತೋಟಕ್ಕೆ.

ಒಂದು ಮೀಟರಿನ ಕೋಲು ನೆಟ್ಟೆವು,
ನೆರಳು ಎಂಬತ್ತು ಸೆಂಟಿಮೀಟರು.
ಅಂಚಿನ ಮರದ ನೆರಳು ಹದಿಮೂರು ಮೀಟರ್ ಅರವತ್ತು.
ಜೀವಿತಾ ಅಂಗೈಯಲ್ಲೇ ಭಾಗಾಕಾರ ಮುಗಿಸಿ ಕುಣಿದಳು:
ಹದಿನೇಳು ಸಾರ್! ಶೇಷಾನೇ ಇಲ್ಲ!
ಶೇಷವಿಲ್ಲದ ಲೆಕ್ಕ ಕಂಡರೆ
ನನಗೂ ಎದೆ ತಣ್ಣಗಾಗುತ್ತದೆ,
ಮೇಷ್ಟ್ರ ಜಾತಿಯೇ ಅಂಥದು.

ಆಗ ಇದಾಯತ್,
ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ನಾಲ್ಕು ತೆಗೆದವನು,
ಮರಕ್ಕೆ ಬೆನ್ನು ಕೊಟ್ಟು ನಿಂತಲ್ಲಿಂದಲೇ ಅಂದ:
ಇಲ್ಲ ಸಾರ್. ಒಂಬತ್ತು ಮಾರು. ನಮ್ಮಪ್ಪಂದು.
ಮಾರು ಅಂದರೆ ಎಷ್ಟೋ?
ಎರಡೂ ಕೈ ಅಗಲಿಸಿ ತೋರಿಸಿದ,
ಸಾಲದೆನಿಸಿ ಬೆರಳ ತುದಿಗಳನ್ನು
ಇನ್ನೂ ಚೂರು ಹಿಗ್ಗಿಸಿದ, ಅಪ್ಪನಷ್ಟಾಗಲು.
ಯಾರೋ ನಕ್ಕರು.
ನಾನೂ ನಕ್ಕಿರಬೇಕು.

ಬಿಸಿಯೂಟದ ಹೊತ್ತಿಗೆ ರಸೂಲ್ ಸಾಬರು ಬಂದರು.
ಸೊಂಟದಲ್ಲಿ ಮಚ್ಚು, ಕಾಲಿಗೆ ಹಗ್ಗದ ತಳೆ.
ನಮ್ಮ ಟೇಪಿನ ತುದಿ ಹಲ್ಲಲ್ಲಿ ಕಚ್ಚಿ
ಮೆಟ್ಟಿಲೇ ಇದ್ದ ಹಾಗೆ ಹತ್ತಿ ಹೋದರು.
ಮೂವತ್ತೊಂದು ಕತ್ತು ಹಿಂದಕ್ಕೆ ಬಾಗಿದವು.
ಸಾಂಬಾರು ಆರುತ್ತಿತ್ತು.
ಕೆಳಗೆ ಟೇಪು ಹಿಡಿದಿದ್ದ ಮಗ
ಓದಿದ, ಮತ್ತೊಮ್ಮೆ ಓದಿದ, ಮೆಲ್ಲಗೆ:
ಹದಿನೈದು ಮೀಟರ್ ಇಪ್ಪತ್ತು.

ಒಂದಾಳೆತ್ತರದ ತಪ್ಪು!
ಸೂತ್ರ ಸರಿ, ಗುಣಾಕಾರ ಸರಿ, ಸೂರ್ಯ ಸರಿ.
ಮತ್ತೆ ಆ ಒಂದಾಳು ಎಲ್ಲಿಂದ ಬಂದು
ನಮ್ಮ ಮರದ ತಲೆ ಮೇಲೆ ನಿಂತ?
ಪುಸ್ತಕ ತಿರುವಿದೆ. ಪುಸ್ತಕದ ಮರದಡಿ
ಗೆರೆ ಎಳೆದಂತೆ ನೆಲ.

ತಾಂಡಾದ ಸುಮಿತ್ರಾಬಾಯಿ, ಮಾತೇ ಆಡದವಳು,
ಜೇಬಿನಿಂದ ಒಂದು ಗೋಲಿ ತೆಗೆದು
ನೆರಳಿದ್ದ ಜಾಗದಲ್ಲಿ ಇಟ್ಟಳು.
ಅದು ಯೋಚಿಸಿತು. ಆಮೇಲೆ ಹೊರಟಿತು,
ಗದ್ದೆಯ ಕಡೆಗೆ, ಯಾರ ಅಪ್ಪಣೆಯೂ ಬೇಡದೆ.
ನೆಲ ಇಳೀತಿದೆ ಸಾರ್, ನೆರಳೂ ಇಳ್ಕೊಂಡು ಉದ್ದ ಆಗಿದೆ.
ಅಮ್ಮನ ಮೇಸ್ತ್ರಿ ಮೊದಲು ಮಟ್ಟ ನೋಡ್ತಾನೆ.
ಮಾರನೇ ದಿನ ಅವಳ ಚೀಲದಲ್ಲಿ
ನೀರು ತುಂಬುವ ಪಾರದರ್ಶಕ ಪೈಪು,
ಸಿಮೆಂಟಿನ ವಾಸನೆ.

ಮುಂದಿನದು ವಾರ್ಷಿಕ ವರದಿಯಲ್ಲಿದೆ:
ಹಾಸನದಲ್ಲಿ ಜಿಲ್ಲಾ ಮಟ್ಟದ ವಸ್ತುಪ್ರದರ್ಶನ,
ಇಳಿಜಾರಿನಲ್ಲಿ ಎತ್ತರ ಅಳೆಯುವ ವಿಧಾನ, ತೃತೀಯ ಬಹುಮಾನ.
ವರದಿಯಲ್ಲಿ ಇಲ್ಲದ್ದು:
ಅರಸೀಕೆರೆಯಿಂದ ರೈಲಿನಲ್ಲಿ ಪೈಪನ್ನು ಹಾವಿನಂತೆ
ಕೊರಳಿಗೆ ಸುತ್ತಿಕೊಂಡು ಅವರು ಎದುರಿನ ಅಜ್ಜಿಯನ್ನು ಹೆದರಿಸಿದ್ದು,
ನೀರಿಗೆ ಬಣ್ಣ ಬರಲೆಂದು ಜೀವಿತಾ
ಬೀಟ್‌ರೂಟು ತುರಿದು ಸಮವಸ್ತ್ರ ಹಾಳು ಮಾಡಿಕೊಂಡದ್ದು,
ತೀರ್ಪುಗಾರರು ‘ಇದರ ಉಪಯೋಗವೇನಮ್ಮ’ ಎಂದಾಗ
ಸುಮಿತ್ರಾ ಅವರ ಮೇಜಿನ ಮಟ್ಟ ನೋಡಿ
ಬಲಗಡೆ ಎರಡು ಬೆರಳು ತಗ್ಗು ಸಾರ್ ಅಂದದ್ದು,
ಪ್ರಮಾಣಪತ್ರದಲ್ಲಿ ‘ಹಿದಾಯಿತ್ರಿ’ ಅಂತ ಅಚ್ಚಾಗಿ
ಇದಾಯತ್ ವಾರವಿಡೀ ಹುಡುಗಿಯಾದದ್ದು.

ಅವನೇನೂ ಆಮೇಲೆ ಜಾಣನಾಗಲಿಲ್ಲ.
ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಂಬತ್ತಕ್ಕೆ ಇಪ್ಪತ್ತಾರು.
ಮೂವತ್ತಮೂರನೇ ಪ್ರಶ್ನೆ: ಒಂದು ಗೋಪುರದ ನೆರಳು ಇಷ್ಟು,
ನೆಲ ಸಮತಟ್ಟಾಗಿದೆ ಎಂದು ಭಾವಿಸಿ ಎತ್ತರ ಕಂಡುಹಿಡಿಯಿರಿ.
ಉತ್ತರದ ಜಾಗ ಖಾಲಿ.
ಮಾರ್ಜಿನ್ನಿನಲ್ಲಿ ಪೆನ್ಸಿಲ್ಲಿನಿಂದ, ಚಿಕ್ಕದಾಗಿ:
ಯಾವ ಊರಲ್ಲಿ ಸಾರ್?

ಅರ್ಧ ಅಂಕ ಕೊಟ್ಟೆ.
ಮುಖ್ಯೋಪಾಧ್ಯಾಯರು ಕೇಳಿದರೆ ಏನು ಹೇಳಲಿ ಎಂದು
ಕೆಂಪು ಪೆನ್ನಿನ ಮುಚ್ಚಳ ಹುಡುಕಿದೆ.
ಅದು ಮೇಜಿನ ಮೇಲಿಂದ ಉರುಳಿ
ಆಗಲೇ ಎಲ್ಲೋ ಹೋಗಿತ್ತು.