ಎರಡನೇ ಬ್ರೇಕು

ನಮ್ಮ ಸ್ಕೂಲಿನ ಕಾರಿನಾಗ ಎರಡು ಬ್ರೇಕ್ ಅವ.
ಒಂದು ಕಲಿಯೋರಿಗಿ,
ಇನ್ನೊಂದು ಎಡಗಡಿ ಸೀಟಿನ ಕೆಳಗ, ನನಗ.
ಹದಿನಾರು ವರ್ಷ ಆತು, ಕಲಬುರಗಿ ಅರ್ಧ ಊರಿಗಿ
ಸ್ಟೇರಿಂಗ್ ಹಿಡಿಯೋದು ಕಲಿಸೀನಿ;
ನನ್ನ ಬಲಗಾಲಿನ ಮ್ಯಾಲ ನನಗ
ಎಂದೂ ಸಂಶಯ ಬಂದಿದ್ದಿಲ್ಲ.

ಸೋಮವಾರ ಪಂಪ್ ಹಚ್ಚಿದ್ರು.
ಸುಣ್ಣದ ಡಬ್ಬಿಗಿಂತ ಜರಾ ದೊಡ್ಡದು.
ಸೂಜಿ ಚುಚ್ಚಿಕೊಂಡ ಇಪ್ಪತ್ತೆರಡು ವರ್ಷ
ಒಂದು ಸಣ್ಣ ನಳಿಯಾಗ ಹೊಕ್ಕು ಸುಮ್ಮನಾದವು.
ಡಾಕ್ಟರ್ ತಸ್ನೀಮ್ ಅಂದ್ರು:
ಇದು ಹೊಸ ಡ್ರೈವರ್ ಅಂತ ತಿಳ್ಕೋರಿ.
ನಿಮ್ಮ ಮೈಯಾಗ ಎಲ್ಲಿ ಏರು, ಎಲ್ಲಿ ಇಳುಕಲು,
ಇನ್ನಾ ಗೊತ್ತಿಲ್ಲ ಅದಕ.
ರಸ್ತಾ ಕಲಿಯೋತನಕ
ಚಾವಿ ತಿರುವೋಕಿಂತ ಮೊದಲು ಬೆರಳು ಚುಚ್ಚಿ ನೋಡ್ರಿ.
ತೊಂಬತ್ತರ ಕೆಳಗಿದ್ರ ಏನರೆ ತಿನ್ರಿ,
ಎಪ್ಪತ್ತರ ಕೆಳಗಂದ್ರ ಚಾವಿ ಮುಟ್ಟಬ್ಯಾಡ್ರಿ.

ಹಂಗಾದ್ರ ಹೊಟ್ಟಿಗಿ ಎಲ್ ಬೋರ್ಡ್ ಹಚ್ಚಲೇನು, ಅಂದೆ.
ಅವರು ನಗಲಿಲ್ಲ.

ಇವತ್ತ ಗುರುವಾರ.
ಕಲಿಯಾಕಿ ಅಂಬವ್ವ, ಅಂಗನವಾಡಿ ಸೂಪರ್‌ವೈಸರ್, ಐವತ್ತೊಂದು ವಯಸ್ಸು.
ಕ್ಲಚ್ಚಿನ ಮ್ಯಾಲ ಕಾಲು ಇಡ್ತಾಳ
ಇರುವಿ ತುಳದೇನೇನೋ ಅನ್ನೋ ಹಂಗ.
ಏಪ್ರಿಲ್ ಬಿಸಲು. ಸೇಡಂ ರೋಡು. ಸಿಮೆಂಟ್ ಲಾರಿ ಹಿಂದ ಸಿಮೆಂಟ್ ಲಾರಿ.
ಸೀಟ್ ಬೆಲ್ಟು ನಳಿಗಿ ತಾಗದಂಗ ಸೆರಗು ಮಡಚಿ ಇಟ್ಟೀನಿ.
ಹತ್ತಕ್ಕ ನೋಡಿದಾಗ ನೂರಾ ಇಪ್ಪತ್ತು ಇತ್ತು.

ಮೇಡಂ, ಕಾರು ಚೀರ್ಲತ್ತದ, ಅಂದಳು.
ಬಾಗಿಲು ಹಾಕ್ಯಾದ, ಬೆಲ್ಟು ಹಾಕ್ಯಾದ,
ಚೀರಿದ್ದು ಕಾರಲ್ಲ.
ಎದುರಿನ ಟ್ಯಾಂಕರ್ ಒಂದಿದ್ದದ್ದು
ಎರಡಾಗಿ ಬರ್ಲತ್ತಿತ್ತು.
ಬ್ರೇಕಿನ ಮ್ಯಾಲ ಕಾಲದ, ಗೊತ್ತು;
ಕಾಲು ನಂದೇ ಅಂತ
ಗೊತ್ತಾಗವಲ್ದು.

ಹದಿನಾರು ವರ್ಷ ಅಂದ ಮಾತು ಬಾಯಿಗಿ ತಾನಾ ಬಂತು:
ಕನ್ನಡಿ. ಇಂಡಿಕೇಟರ್. ಎಡಕ್ಕ. ಹಗೂರ. ನಿಲ್ಲು.

ನಿಲ್ಲಿಸಿದಳು. ಮೊದಲನೇ ಸಲ ಗಾಡಿ ಜಗ್ಗಲಿಲ್ಲ.

ಅರವತ್ತೊಂದು.
ಡಬ್ಬಿಯಾಗಿನ ಗ್ಲುಕೋಸ್ ಪುಡಿ ಬೊಕ್ಕಿಬೊಕ್ಕಿ ತಿಂದೆ, ಗಲ್ಲಕ್ಕೆಲ್ಲ ಬಿಳಿ.
ಅಂಬವ್ವ ಬ್ಯಾಗಿನಿಂದ ಶೇಂಗಾ ಹೋಳಿಗಿ ತೆಗೆದಳು,
ಇದೂ ಸಿಹೀನೇ ಅಲ್ರಿ?
ಅದು ಎತ್ತಿನ ಬಂಡಿ ಅಂಬವ್ವ, ಈಗ ಮೋಟಾರ್‌ಸೈಕಲ್ ಬೇಕು.
ಆಮ್ಯಾಲ ತಿಂತೀನಿ, ತಗದಿಡು.

ಹದಿನೈದು ನಿಮಿಷಕ್ಕ ತೊಂಬತ್ತೆಂಟು.
ಏಳ್ರಿ ಮೇಡಂ, ಆರಾಮಾದ್ರಿ, ಅಂದಳು.
ಸಕ್ಕರಿ ಮೊದಲು ಬರ್ತದ,
ತಲಿ ಹಿಂದಿನ ಬಸ್ಸಿಗಿ ಬರ್ತದ.
ಮುಕ್ಕಾಲು ತಾಸು ಕೂಡಬೇಕು.

ಬೇವಿನ ಗಿಡದ ನೆಳ್ಳು, ಅದರಾಗೂ ಅರ್ಧ ಬಿಸಲು.
ಯಾರಿಗೂ ಹೇಳದ್ದು ಆಕಿಗಿ ಹೇಳಿದೆ:
ಕ್ಲಾಸ್ ಇದ್ದ ದಿನ ಬೇಕಂತಲೇ
ಎರಡು ನೂರಾ ಐವತ್ತರ ಮ್ಯಾಲ ಇಟ್ಕೊತಿದ್ದೆ,
ರಸ್ತಾದಾಗ ಇಳೀಬಾರದಂತ.
ಕಣ್ಣಿನ ಡಾಕ್ಟರ್ ಅದರ ಬಾಡಿಗಿ ಕೇಳ್ಲತ್ತಾರ ಈಗ.
ಸಕ್ಕರಿ ಕಾಯಿಲಿ ಬಾಯಿ ಕಾರು ಕಲಿಸ್ತಾಳಂದ್ರ
ಯಾರು ಬರ್ತಾರ, ಹೇಳು.

ಅಂಬವ್ವ ಸೆರಗಿಲೆ ಗಾಳಿ ಹಾಕ್ಕೊಂತ
ಬ್ಯಾರೇನೇ ಹೇಳಿದಳು:
ಇಪ್ಪತ್ತೆಂಟು ವರ್ಷ ಬಾಡಿಗಿ ಜೀಪಿನ ಹಿಂದ ಕುಂತೀನ್ರಿ,
ಚಿಂಚೋಳಿ ತಾಂಡಾ ಎಲ್ಲಾ ತಿರುಗೀನಿ.
ಎಲ್ಲಿ ನಿಲ್ಲಸಲಿ ಅಂತ
ಒಬ್ಬನೂ ಕೇಳಿಲ್ಲ.

ನೂರಾ ಹದಿನಾಲ್ಕು. ಬಾಣ ಸೀದಾ.
ಹೋಳಿಗಿ ಅರ್ಧಾರ್ಧ ತಿಂದಿವಿ.
ಆಕಿ ಎದ್ದು ಎಡಗಡಿ ಬಾಗಿಲಕ ನಡೆದಳು.
ಚಾವಿ ಆಕಿ ಕೈಯಾಗೇ ಇಟ್ಟೆ.
ನೀನೇ ನಡಸು.

ಜಗತ್ ಸರ್ಕಲ್ ತನಕ ಬಂದಿವಿ.
ಆಟೋದವರು ಬೈದ್ರು, ಒಂದು ಎಮ್ಮಿ ತಿರುಗಿ ನೋಡ್ತು.
ಬಲಗಾಲು ನಂದೇ ಅಂತ ನನಗೀಗ ಖಾತ್ರಿ ಇತ್ತು,
ಒತ್ತಲಿಲ್ಲ.
ರಸ್ತಾ ಖಾಲಿ ಇದ್ದಲ್ಲೇ ಮೂರು ಸಲ ಗಾಡಿ ನಿಲ್ಲಿಸಿದಳು.
ಯಾಕ ಅಂಬವ್ವ, ಸುಮ್ಮನ?

ನಿಲ್ಲಲಾಕ ಬರ್ತದಲ್ರಿ ಮೇಡಂ,
ಅದಕ್ಕ.